ಇಂಟರ್‌ವೆನ್ಷನಲ್ ರೇಡಿಯಾಲಜಿ: ರೋಗಿಗಳು ಮತ್ತು ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ರೇಡಿಯಾಲಜಿಯವರು ಸ್ಕ್ಯಾನ್ ನೋಡಿ ವರದಿ ಬರೆಯುವವರಲ್ಲವೇ? ಅವರು ಚಿಕಿತ್ಸೆ ಮಾಡುವುದು ಹೇಗೆ?

ಹೆಚ್ಚಿನ ರೇಡಿಯಾಲಜಿಸ್ಟರ ಕೆಲಸ ವರದಿ ಬರೆಯುವುದೇ. ಆದರೆ ಅವರಲ್ಲಿ ಕೆಲವರು ಪರದೆಯ ಮೇಲಿನ ಚಿತ್ರವನ್ನು ನೋಡುತ್ತಲೇ ಸೂಜಿ, ತಂತಿ, ಸಪೂರವಾದ ಕೊಳವೆಗಳನ್ನು ದೇಹದೊಳಗೆ ಒಯ್ದು, ರೋಗ ಇರುವ ಜಾಗದಲ್ಲೇ ಚಿಕಿತ್ಸೆ ಮಾಡುವ ತರಬೇತಿ ಪಡೆದಿರುತ್ತಾರೆ. ಅವರ ಶಾಖೆಯೇ ಇಂಟರ್‌ವೆನ್ಷನಲ್ ರೇಡಿಯಾಲಜಿ. ಶಸ್ತ್ರವೈದ್ಯರು ಅಂಗವನ್ನು ಕಣ್ಣಾರೆ ನೋಡುವುದಕ್ಕಾಗಿ ದೇಹವನ್ನು ತೆರೆಯಬೇಕಾಗುತ್ತದೆ. ಇಲ್ಲಿ ನೋಡುವ ಹೊಣೆಯನ್ನು ಎಕ್ಸ್‌ರೇ, ಅಲ್ಟ್ರಾಸೌಂಡ್ ಅಥವಾ ಸಿಟಿ ಯಂತ್ರ ಹೊರುವುದರಿಂದ ಉಪಕರಣ ತೂರುವಷ್ಟು ರಂಧ್ರ ಸಾಕು. ಅನೇಕ ಸಲ ಒಂದು ಹೊಲಿಗೆಯೂ ಬೇಕಾಗುವುದಿಲ್ಲ.

ರಂಧ್ರ ಚಿಕ್ಕದು ಎಂದು ಚಿಕಿತ್ಸೆಯನ್ನೂ ಚಿಕ್ಕದೆಂದು ಎಣಿಸಬಾರದು. ಮಿದುಳಿನ ರಕ್ತನಾಳದಿಂದ ಹೆಪ್ಪನ್ನು ಎಳೆದು ತೆಗೆಯುವುದೂ ಇದೇ ಶಾಖೆಯ ಕೆಲಸ, ಕಂಕುಳಿನ ಗಂಟಿನಿಂದ ಸೂಜಿಯಲ್ಲಿ ತುಣುಕು ತೆಗೆಯುವುದೂ ಇದೇ ಶಾಖೆಯ ಕೆಲಸ. ಎರಡರಲ್ಲೂ ಚರ್ಮದ ಮೇಲೆ ಉಳಿಯುವ ಗುರುತು ಹೆಚ್ಚುಕಡಿಮೆ ಒಂದೇ. ಅಪಾಯ ಮಾತ್ರ ಒಂದೇ ಅಲ್ಲ.

ಇದು ಹೊಸ ಪದ್ಧತಿಯೇ? ನಮ್ಮ ಮೇಲೆ ಪ್ರಯೋಗ ನಡೆಯುತ್ತಿದೆಯೇ?

ಅಲ್ಲ. ಈ ಶಾಖೆಗೆ ಅರುವತ್ತು ವರ್ಷ ದಾಟಿದೆ. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಚಾರ್ಲ್ಸ್ ಡಾಟರ್ ಎಂಬ ರೇಡಿಯಾಲಜಿಸ್ಟರ ಬಳಿಗೆ 82 ವರ್ಷದ ಒಬ್ಬ ಮಹಿಳೆ ಬಂದರು. ತೊಡೆಯ ಅಪಧಮನಿ ಕಿರಿದಾಗಿ ಅವರ ಪಾದಕ್ಕೆ ರಕ್ತ ಸಾಲದಾಗಿತ್ತು, ಬೆರಳುಗಳು ಕೊಳೆಯತೊಡಗಿದ್ದವು. ಕಾಲು ಕತ್ತರಿಸುವುದೊಂದೇ ದಾರಿ ಎಂದು ಶಸ್ತ್ರವೈದ್ಯರು ಹೇಳಿದ್ದರು, ಆಕೆ ಸುತಾರಾಂ ಒಪ್ಪಿರಲಿಲ್ಲ. ಡಾಟರ್ ಕಿರಿದಾದ ಜಾಗದ ಮೂಲಕ ತಂತಿ ದಾಟಿಸಿ, ಅದರ ಮೇಲೆ ಒಂದಕ್ಕಿಂತ ಒಂದು ದಪ್ಪನೆಯ ಕೊಳವೆಗಳನ್ನು ತೂರಿಸಿ ನಾಳವನ್ನು ಅಗಲ ಮಾಡಿದರು. ಪಾದ ಬೆಚ್ಚಗಾಯಿತು, ಹುಣ್ಣು ಮಾಯಿತು. ಆ ಮಹಿಳೆ ಮುಂದೆ ಬದುಕಿದ್ದ ಎರಡೂವರೆ ವರ್ಷವೂ ತಮ್ಮ ಕಾಲ ಮೇಲೆಯೇ ನಡೆದಾಡಿದರು.

ಡಾಟರರ ಕೆಲಸಕ್ಕೆ ಮುನ್ನ ಒಂದು ಮುಖ್ಯ ಉಪಾಯ ಸಿದ್ಧವಾಗಿತ್ತು. 1953ರಲ್ಲಿ ಸ್ವೀಡನ್ನಿನ ಸ್ವೆನ್ ಐವರ್ ಸೆಲ್ಡಿಂಗರ್, ರಕ್ತನಾಳವನ್ನು ಕೊಯ್ದು ತೆರೆಯದೆ ಅದರೊಳಗೆ ಕೊಳವೆ ಇಳಿಸುವ ಬಗೆಯನ್ನು ಪ್ರಕಟಿಸಿದ್ದರು. ಡಾಟರರ ದಪ್ಪ ಕೊಳವೆಗಳ ಜಾಗಕ್ಕೆ ಬಲೂನ್ ತಂದವರು ಆಂಡ್ರಿಯಾಸ್ ಗ್ರುಂಟ್‌ಸಿಗ್. ಅವರು 1974ರಲ್ಲಿ ಕಾಲಿನ ನಾಳದಲ್ಲೂ 1977ರಲ್ಲಿ ಹೃದಯದ ನಾಳದಲ್ಲೂ ಅದನ್ನು ಬಳಸಿದರು. ಇಂದು ಆಂಜಿಯೋಪ್ಲಾಸ್ಟಿ ಎಂದ ಕೂಡಲೇ ಎಲ್ಲರಿಗೂ ಹೃದಯವೇ ನೆನಪಾಗುತ್ತದೆ. ಅದು ಶುರುವಾದದ್ದು ಕಾಲಿನಲ್ಲಿ, ಒಬ್ಬ ವೃದ್ಧೆಯ ಹಟದಿಂದ.

ಹಾಗೆಂದು ಈ ಶಾಖೆಯ ಎಲ್ಲ ಚಿಕಿತ್ಸೆಗಳಿಗೂ ಒಂದೇ ವಯಸ್ಸಿಲ್ಲ. ಕೀವು ಬಸಿಯುವುದು, ರಕ್ತಸ್ರಾವ ನಿಲ್ಲಿಸುವುದು ದಶಕಗಳಿಂದ ನೆಲೆಯೂರಿವೆ. ಮಂಡಿನೋವಿಗೆ ಅಲ್ಲಿನ ಸಣ್ಣ ನಾಳಗಳನ್ನು ಮುಚ್ಚುವಂಥವು ಇನ್ನೂ ಪುರಾವೆ ಕೂಡಿಸಿಕೊಳ್ಳುತ್ತಿವೆ. ನಿಮಗೆ ಸೂಚಿಸಿರುವುದು ಯಾವ ಗುಂಪಿನದು ಎಂದು ಕೇಳುವ ಹಕ್ಕು ನಿಮಗಿದೆ.

ತೊಡೆಯಲ್ಲಿ ಚುಚ್ಚಿ ಮಿದುಳನ್ನು ತಲುಪುವುದು ಹೇಗೆ?

ರಕ್ತನಾಳಗಳೆಲ್ಲ ಒಂದಕ್ಕೊಂದು ಕೂಡಿಕೊಂಡೇ ಇವೆ. ತೊಡೆಸಂದಿನ ಅಪಧಮನಿಯಿಂದ ಮೇಲಕ್ಕೆ ಹೋದರೆ ಮಹಾಪಧಮನಿ ಸಿಗುತ್ತದೆ. ಅದರಿಂದ ಯಕೃತ್ತು, ಮೂತ್ರಪಿಂಡ, ಕರುಳು, ಕೈ, ತಲೆ ಎಲ್ಲಕ್ಕೂ ಕವಲು ಒಡೆಯುತ್ತದೆ. ಮಣಿಕಟ್ಟಿನ ನಾಳದಿಂದಲೂ ಇದೇ ಜಾಲವನ್ನು ಹೊಕ್ಕಬಹುದು.

ಕ್ರಮ ಹೀಗಿದೆ. ಚರ್ಮ ಮರಗಟ್ಟಿಸಿ ಅಲ್ಟ್ರಾಸೌಂಡ್ ನೋಡುತ್ತ ನಾಳಕ್ಕೆ ಸೂಜಿ ಚುಚ್ಚುತ್ತಾರೆ. ಸೂಜಿಯೊಳಗಿಂದ ಮೆತ್ತನೆಯ ತುದಿಯ ತಂತಿಯನ್ನು ನಾಳಕ್ಕೆ ಬಿಟ್ಟು ಸೂಜಿಯನ್ನು ಹೊರಗೆಳೆಯುತ್ತಾರೆ. ತಂತಿ ಅಲ್ಲೇ ಉಳಿಯುತ್ತದೆ. ಅದರ ಮೇಲೆ ಕೊಳವೆಯನ್ನು ಜಾರಿಸುತ್ತಾರೆ. ಸೆಲ್ಡಿಂಗರರ ಉಪಾಯ ಇಷ್ಟೇ. ಈ ಶಾಖೆಯ ಬಹಳಷ್ಟು ಚಿಕಿತ್ಸೆ ಇಂದಿಗೂ ಇದರ ಮೇಲೆ ನಿಂತಿದೆ. ಕೊಳವೆಗೆ ಕ್ಯಾಥೆಟರ್ ಎನ್ನುತ್ತಾರೆ. ಅದರ ದಪ್ಪವನ್ನು ಅಳೆಯುವ ಮಾನ ಫ್ರೆಂಚ್, ಮೂರು ಫ್ರೆಂಚ್ ಸೇರಿದರೆ ಒಂದು ಮಿಲಿಮೀಟರ್. ಸಾಮಾನ್ಯವಾಗಿ ಬಳಸುವ 5 ಫ್ರೆಂಚ್ ಕ್ಯಾಥೆಟರ್ ಎರಡು ಮಿಲಿಮೀಟರಿಗಿಂತ ಸಣ್ಣದು. ಇನ್ನೂ ಕಿರಿದಾದ ಕವಲಿಗೆ ಹೋಗಬೇಕಾದರೆ ಅದರೊಳಗಿಂದಲೇ ಮೈಕ್ರೋಕ್ಯಾಥೆಟರ್ ಹೊರಡುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ ಆಸುಪಾಸು.

ಕ್ಯಾಥೆಟರಿನ ತುದಿಯನ್ನು ಮೊದಲೇ ಬೇರೆ ಬೇರೆ ಬಾಗುಗಳಲ್ಲಿ ತಯಾರಿಸಿರುತ್ತಾರೆ. ಹೊರಗಿನಿಂದ ಬೆರಳಲ್ಲಿ ತಿರುಗಿಸಿದರೆ ಒಳಗಿನ ತುದಿ ತಿರುಗಿ ಬೇಕಾದ ಕವಲಿನ ಬಾಯಿ ಹಿಡಿಯುತ್ತದೆ. ನಾಳದ ಒಳಗೋಡೆಗೆ ನೋವಿನ ಅರಿವು ಬಹಳ ಕಡಿಮೆ. ಹಾಗಾಗಿ ಕೊಳವೆ ಹೊಟ್ಟೆಯ ಮೂಲಕ ಹಾದು ಹೋಗುವಾಗ ರೋಗಿಗೆ ಗೊತ್ತೇ ಆಗುವುದಿಲ್ಲ. ನಾಳಗಳು ಎಕ್ಸ್‌ರೇಯಲ್ಲಿ ಕಾಣಲೆಂದು ಬಣ್ಣದ ಔಷಧ ಬಿಟ್ಟಾಗ ಮಾತ್ರ ಆ ಭಾಗದಲ್ಲಿ ಬಿಸಿ ಹರಿದಂತಾಗುತ್ತದೆ, ಕೆಲವರಿಗೆ ಮೂತ್ರ ಹೋದಂತೆ ಭಾಸವಾಗುತ್ತದೆ. ನಿಜವಾಗಿ ಹೋಗಿರುವುದಿಲ್ಲ, ಮುಜುಗರ ಬೇಡ.

ಒಮ್ಮೆ ಸಿಟಿ, ಒಮ್ಮೆ ಅಲ್ಟ್ರಾಸೌಂಡ್ ಎನ್ನುತ್ತಾರೆ. ಏಕೆ?

ಗುರಿ ಎಲ್ಲಿದೆ ಎಂಬುದರ ಮೇಲೆ ಯಂತ್ರದ ಆಯ್ಕೆ. ಅಲ್ಟ್ರಾಸೌಂಡಿನಲ್ಲಿ ವಿಕಿರಣವಿಲ್ಲ, ಸೂಜಿ ಚಲಿಸುವುದು ಆ ಕ್ಷಣಕ್ಕೇ ಕಾಣುತ್ತದೆ. ಆದರೆ ಗಾಳಿ ಮತ್ತು ಎಲುಬಿನ ಆಚೆಗೆ ಅದರ ದೃಷ್ಟಿ ಹಾಯುವುದಿಲ್ಲ. ಶ್ವಾಸಕೋಶದ ಆಳದಲ್ಲಿರುವ ಗಂಟಿಗೂ ಬೆನ್ನುಮೂಳೆಗೂ ಸಿಟಿ ಬೇಕು. ರಕ್ತನಾಳದೊಳಗಿನ ಕೆಲಸ ನಡೆಯುವುದು ಫ್ಲೋರೋಸ್ಕೋಪಿ ಎಂಬ ಚಲಿಸುವ ಎಕ್ಸ್‌ರೇ ಅಡಿಯಲ್ಲಿ. ಎಂಆರ್‌ಐ ಅಡಿಯಲ್ಲಿ ಮಾಡುವ ಚಿಕಿತ್ಸೆ ಕಡಿಮೆ. ಬಲವಾದ ಅಯಸ್ಕಾಂತದ ಹತ್ತಿರ ಸಾಮಾನ್ಯ ಸೂಜಿಯನ್ನೂ ಒಯ್ಯುವಂತಿಲ್ಲ.

ಯಾವ ಯಾವ ಕಾಯಿಲೆಗೆ ಇದರಿಂದ ಉಪಯೋಗ?

ಕಾಯಿಲೆಗಳ ಪಟ್ಟಿ ಕೊಟ್ಟರೆ ಅದು ಮುಗಿಯುವುದಿಲ್ಲ, ಓದಿದವರಿಗೆ ನೆನಪೂ ಉಳಿಯುವುದಿಲ್ಲ. ಮಾಡುವ ಕೆಲಸ ಯಾವುದು ಎಂದು ನೋಡಿದರೆ ಸುಲಭ. ಮುಚ್ಚಿಕೊಂಡದ್ದನ್ನು ತೆರೆಯುವುದು ಒಂದು. ಕಾಲಿನ ನಾಳ, ಡಯಾಲಿಸಿಸ್ ರೋಗಿಯ ಕೈಯ ಫಿಸ್ಟುಲಾ (ಅಪಧಮನಿ ಮತ್ತು ಅಭಿಧಮನಿಯನ್ನು ಕೂಡಿಸಿದ ಜೋಡಣೆ), ಗಡ್ಡೆಯಿಂದ ಒತ್ತಿಹೋಗಿ ಕಾಮಾಲೆ ತಂದ ಪಿತ್ತನಾಳ, ಕಲ್ಲು ಸಿಕ್ಕಿಕೊಂಡು ಉಬ್ಬಿದ ಮೂತ್ರಪಿಂಡ ಇವೆಲ್ಲ ಆ ಸಾಲಿಗೆ ಸೇರುತ್ತವೆ. ತೆರೆದಿರಬಾರದ್ದನ್ನು ಮುಚ್ಚುವುದು, ಅಂದರೆ ಎಂಬೊಲೈಸೇಶನ್, ಇನ್ನೊಂದು. ರಕ್ತ ಸುರಿಯುವ ನಾಳ, ಮಿದುಳಿನಲ್ಲಿ ಉಬ್ಬಿದ ನಾಳ, ವೃಷಣದ ಸುತ್ತ ಹಿಗ್ಗಿದ ಅಭಿಧಮನಿ, ಗಡ್ಡೆಗೆ ರಕ್ತ ಒದಗಿಸುವ ಕವಲು ಹೀಗೆ. ಕೀವು ಬಸಿಯುವುದು, ಗಡ್ಡೆಯನ್ನು ಇದ್ದಲ್ಲೇ ಸುಡುವುದು ಅಥವಾ ಹೆಪ್ಪುಗಟ್ಟಿಸುವುದು, ಪರೀಕ್ಷೆಗೆ ತುಣುಕು ತೆಗೆಯುವುದು (ಬಯಾಪ್ಸಿ), ಕೀಮೋಥೆರಪಿಗೆ ಎದೆಯ ಚರ್ಮದಡಿ ಪೋರ್ಟ್ ಎಂಬ ಔಷಧ ಕೊಡುವ ಪುಟ್ಟ ಡಬ್ಬಿ ಇಡುವುದು ಉಳಿದವು.

ಇವುಗಳಲ್ಲಿ ಹೆಚ್ಚು ಜೀವ ಉಳಿಸುವುದು ಯಾವುದು ಎಂದು ಕೇಳಿದರೆ ಪತ್ರಿಕೆಗಳಲ್ಲಿ ಸುದ್ದಿಯಾಗುವ ಚಿಕಿತ್ಸೆಗಳನ್ನು ನಾನು ಹೇಳುವುದಿಲ್ಲ. ಸೋಂಕು ರಕ್ತಕ್ಕೇರಿ ಮಂಕಾಗಿ ಮಲಗಿದ ರೋಗಿಯ ಮೂತ್ರಪಿಂಡಕ್ಕೋ ಪಿತ್ತನಾಳಕ್ಕೋ ಹಾಕುವ ಒಂದು ಸಾದಾ ಕೊಳವೆ, ಅದರ ತುದಿಗೊಂದು ಚೀಲ, ಇಷ್ಟೇ. ಒಂದೇ ದಿನದಲ್ಲಿ ಜ್ವರ ಇಳಿಯುವುದೂ ಉಂಟು.

ಪಾರ್ಶ್ವವಾಯು ಆದವರಿಗೆ ಹೆಪ್ಪು ತೆಗೆಯುತ್ತಾರಂತೆ, ನಿಜವೇ?

ನಿಜ. ಈ ಶಾಖೆಯಲ್ಲಿ ಇಷ್ಟು ಗಟ್ಟಿ ಪುರಾವೆ ಇರುವ ಚಿಕಿತ್ಸೆಗಳು ಹೆಚ್ಚಿಲ್ಲ. ಮಿದುಳಿನ ದೊಡ್ಡ ನಾಳಕ್ಕೆ ಹೆಪ್ಪು ಸಿಕ್ಕಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಲೆಕ್ಕ ಹಾಕಿದ್ದಾರೆ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡುವುದು ರೂಢಿ. ಹೆಪ್ಪು ದೊಡ್ಡದಾಗಿದ್ದರೆ ಅದೊಂದರಿಂದಲೇ ಕರಗುವುದು ಅಪರೂಪ. ಆಗ ಕ್ಯಾಥೆಟರನ್ನು ಕತ್ತಿನ ನಾಳದ ಮೂಲಕ ಒಯ್ದು, ಬಲೆಯಂಥ ಸ್ಟೆಂಟಿನಿಂದ ಹೆಪ್ಪನ್ನು ಹಿಡಿದು ಎಳೆಯುತ್ತಾರೆ, ಇಲ್ಲವೇ ಹೀರಿ ತೆಗೆಯುತ್ತಾರೆ.

2015ರಲ್ಲಿ ಒಂದರ ಹಿಂದೆ ಒಂದು ಪ್ರಕಟವಾದ ಐದು ಅಧ್ಯಯನಗಳು ಇದರ ಲಾಭವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಿದವು. ಮೊದಲು ಆರು ಗಂಟೆಯ ಗಡಿ ಹಾಕಿದ್ದರು. 2018ರ ಅಧ್ಯಯನಗಳ ನಂತರ, ಸ್ಕ್ಯಾನಿನಲ್ಲಿ ಉಳಿಸಬಹುದಾದ ಮಿದುಳು ಇನ್ನೂ ಇದೆ ಎಂದು ಕಂಡರೆ ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಮಾಡುತ್ತಾರೆ. ಈ 24 ಗಂಟೆ ಎಂಬುದು ನಾಳೆ ಹೋದರಾಯಿತು ಎನ್ನುವುದಕ್ಕೆ ಪರವಾನಗಿಯಲ್ಲ. ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಹೊರಟ ಗಳಿಗೆಯೇ ಮುಖ್ಯ. ಕೈಕಾಲು ತಿಕ್ಕುತ್ತ, ಬಾಯಿಗೆ ನೀರು ಹಾಕುತ್ತ ಕಳೆದ ಸಮಯವನ್ನು ಯಾವ ಕ್ಯಾಥೆಟರೂ ಹಿಂದಕ್ಕೆ ತರುವುದಿಲ್ಲ.

ರಕ್ತಸ್ರಾವ ನಿಲ್ಲಿಸಲು ನಾಳವನ್ನೇ ಮುಚ್ಚಿದರೆ ಆ ಅಂಗ ಸಾಯುವುದಿಲ್ಲವೇ?

ಒಳ್ಳೆಯ ಪ್ರಶ್ನೆ. ಚಿಕಿತ್ಸೆ ಮಾಡುವವರೂ ಪ್ರತಿಸಲ ತಮಗೆ ತಾವೇ ಇದನ್ನು ಕೇಳಿಕೊಳ್ಳುತ್ತಾರೆ. ಉತ್ತರ ಅಂಗದ ಮೇಲೆ ನಿಂತಿದೆ. ಹೊಟ್ಟೆ, ಗರ್ಭಕೋಶ, ವಸ್ತಿಕುಹರದ ಭಾಗಗಳಿಗೆ ಹಲವು ದಿಕ್ಕುಗಳಿಂದ ರಕ್ತ ಬರುತ್ತದೆ, ಒಂದು ನಾಳ ಮುಚ್ಚಿದರೆ ಬೇರೆಯವು ಹೊಣೆ ಹೊರುತ್ತವೆ. ಮೂತ್ರಪಿಂಡಕ್ಕೆ ಆ ಅನುಕೂಲವಿಲ್ಲ. ಅಲ್ಲಿ ಮುಚ್ಚಿದ ಕವಲಿನ ಭಾಗ ಸಾಯುತ್ತದೆ, ಹಾಗಾಗಿ ಆದಷ್ಟು ತುದಿಗೆ ಹೋಗಿ ಆದಷ್ಟು ಚಿಕ್ಕ ಕವಲನ್ನೇ ಮುಚ್ಚುತ್ತಾರೆ. ಸಣ್ಣ ಕರುಳಿನಲ್ಲಿ ಇನ್ನೂ ಹೆಚ್ಚಿನ ಎಚ್ಚರ.

ಮುಚ್ಚುವ ವಸ್ತುವೂ ಒಂದೇ ಅಲ್ಲ. ಕೆಲವು ವಾರಗಳಲ್ಲಿ ಕರಗಿಹೋಗುವ ಜೆಲಟಿನ್ ಸ್ಪಂಜು, ಮರಳಿನ ಕಣದಂಥ ಸೂಕ್ಷ್ಮ ಗುಂಡುಗಳು, ಪ್ಲಾಟಿನಂ ಸುರುಳಿಗಳು, ರಕ್ತ ತಾಗಿದೊಡನೆ ಗಟ್ಟಿಯಾಗುವ ಅಂಟು ಇವೆ. ಹೆರಿಗೆಯ ನಂತರ ನಿಲ್ಲದ ರಕ್ತಸ್ರಾವಕ್ಕೆ ಸಾಮಾನ್ಯವಾಗಿ ಜೆಲಟಿನ್ನನ್ನೇ ಆರಿಸುವುದು ಅದು ಕರಗುತ್ತದೆ ಎಂಬ ಕಾರಣಕ್ಕೇ. ನಾಳ ಮತ್ತೆ ತೆರೆದುಕೊಳ್ಳುತ್ತದೆ, ಗರ್ಭಕೋಶ ಉಳಿಯುತ್ತದೆ. ಅಪಘಾತದಲ್ಲಿ ಸೊಂಟದ ಮೂಳೆ ಮುರಿದು ಒಳಗೇ ರಕ್ತ ಸೋರುವವರಿಗೂ, ಹಳೆಯ ಕ್ಷಯದಿಂದ ಕೆಮ್ಮಿನಲ್ಲಿ ರಕ್ತ ಬೀಳುವವರಿಗೂ ಈ ವಿಧಾನ ಎಷ್ಟೋ ಸಲ ಶಸ್ತ್ರಚಿಕಿತ್ಸೆಯನ್ನು ತಪ್ಪಿಸಿದೆ. ಕೆಮ್ಮಿನ ರಕ್ತಕ್ಕಾಗಿ ಮುಚ್ಚುವಾಗ ಬೆನ್ನುಹುರಿಗೆ ಹೋಗುವ ನಾಳ ಅದೇ ಕವಲಿನಿಂದ ಹೊರಟಿದೆಯೇ ಎಂದು ಹುಡುಕಬೇಕು. ಅದನ್ನು ನೋಡದೆ ಮುಚ್ಚಿದರೆ ಕಾಲುಗಳ ಸ್ವಾಧೀನ ತಪ್ಪಬಹುದು.

ಕ್ಯಾನ್ಸರನ್ನು ಇದು ಗುಣಪಡಿಸುತ್ತದೆಯೇ?

ಕೆಲವೊಮ್ಮೆ ಹೌದು, ಹೆಚ್ಚಿನ ಸಲ ಇಲ್ಲ. ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳಿಸಿಕೊಳ್ಳದೆ ಸಮ್ಮತಿ ಪತ್ರಕ್ಕೆ ಸಹಿ ಹಾಕಬೇಡಿ.

ಗುಣಪಡಿಸುವ ಉದ್ದೇಶದಿಂದ ಮಾಡುವುದು ಅಬ್ಲೇಶನ್. ಗಡ್ಡೆಯ ನಡುವಿಗೆ ಸೂಜಿ ಇಳಿಸಿ ರೇಡಿಯೋ ತರಂಗ ಅಥವಾ ಮೈಕ್ರೋವೇವಿನಿಂದ ಕಾಯಿಸುತ್ತಾರೆ. 60 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಜೀವಕೋಶದ ಪ್ರೋಟೀನ್ ಗಟ್ಟಿಯಾಗಿ ಅದು ಸಾಯುತ್ತದೆ. ಕ್ರಯೋಅಬ್ಲೇಶನ್ ಇದಕ್ಕೆ ವಿರುದ್ಧ ದಿಕ್ಕಿನದು, ಆರ್ಗಾನ್ ಅನಿಲದಿಂದ ಗಡ್ಡೆಯನ್ನು ಮಂಜುಗಡ್ಡೆ ಮಾಡುತ್ತಾರೆ. ಯಕೃತ್ತು, ಮೂತ್ರಪಿಂಡ, ಶ್ವಾಸಕೋಶದ ಚಿಕ್ಕ ಗಡ್ಡೆಗಳಿಗೆ ಇವು ಹೊಂದುತ್ತವೆ. ಗಾತ್ರ ಇಲ್ಲಿ ನಿರ್ಣಾಯಕ. ಯಕೃತ್ತಿನಲ್ಲೇ ಹುಟ್ಟಿದ ಕ್ಯಾನ್ಸರ್ 2 ಸೆಂಟಿಮೀಟರಿನೊಳಗಿದ್ದರೆ ಫಲಿತಾಂಶ ಶಸ್ತ್ರಚಿಕಿತ್ಸೆಯ ಹತ್ತಿರ ಹೋಗುತ್ತದೆ, 3 ದಾಟಿದರೆ ಅಂಚಿನಲ್ಲಿ ಉಳಿದುಹೋಗುವ ಸಾಧ್ಯತೆ ಏರುತ್ತದೆ. ಪಕ್ಕದಲ್ಲೇ ದೊಡ್ಡ ರಕ್ತನಾಳ ಇದ್ದರೂ ತೊಡಕು, ಹರಿಯುವ ರಕ್ತ ಶಾಖವನ್ನು ಹೊತ್ತೊಯ್ಯುತ್ತದೆ.

ದೊಡ್ಡ ಗಡ್ಡೆಗೆ, ಹಲವು ಗಡ್ಡೆಗಳಿಗೆ ಬೇರೆ ದಾರಿ ಹಿಡಿಯುತ್ತಾರೆ. ಆರೋಗ್ಯವಂತ ಯಕೃತ್ತಿಗೆ ಮುಕ್ಕಾಲು ಪಾಲು ರಕ್ತ ಕರುಳಿನಿಂದ ಬರುವ ಪೋರ್ಟಲ್ ಅಭಿಧಮನಿಯದು. ಗಡ್ಡೆಯಾದರೋ ಬಹುತೇಕ ಅಪಧಮನಿಯ ರಕ್ತದಲ್ಲೇ ಬೆಳೆಯುತ್ತದೆ. ಪ್ರಕೃತಿ ಒದಗಿಸಿದ ಈ ಬಿರುಕಿನಲ್ಲಿ ವೈದ್ಯರು ಕೈಹಾಕಿದ್ದಾರೆ. ಗಡ್ಡೆಯ ಅಪಧಮನಿಗೆ ಕೀಮೋ ಔಷಧ ಬಿಟ್ಟು ನಾಳ ಮುಚ್ಚುವುದು ಟೇಸ್. ಆಯ್ದ ರೋಗಿಗಳ ಆಯುಷ್ಯವನ್ನು ಇದು ಹೆಚ್ಚಿಸುತ್ತದೆ ಎಂದು 2002ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ತೋರಿಸಿದವು. ಟೇರ್ ಎಂಬುದರಲ್ಲಿ ಔಷಧದ ಬದಲು ಯಿಟ್ರಿಯಂ-90 ತುಂಬಿದ ಸೂಕ್ಷ್ಮ ಗುಂಡುಗಳನ್ನು ಬಿಡುತ್ತಾರೆ. ಅವುಗಳ ವಿಕಿರಣ ಸರಾಸರಿ ಎರಡೂವರೆ ಮಿಲಿಮೀಟರಿನಷ್ಟು ದೂರ ಮಾತ್ರ ಹೋಗುತ್ತದೆ, ಸುಮಾರು 64 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಗುಂಡುಗಳು ಶ್ವಾಸಕೋಶಕ್ಕೋ ಹೊಟ್ಟೆಗೋ ದಾರಿ ತಪ್ಪುತ್ತವೆಯೇ ಎಂದು ನೋಡಲು ಮುಂಚೆ ಒಂದು ತಾಲೀಮು ಆಂಜಿಯೋಗ್ರಾಂ (ಬಣ್ಣದ ಔಷಧ ಬಿಟ್ಟು ತೆಗೆಯುವ ನಾಳಗಳ ಎಕ್ಸ್‌ರೇ) ಇರುತ್ತದೆ. ಒಂದೇ ಚಿಕಿತ್ಸೆಗೆ ಎರಡು ಸಲ ಏಕೆ ಕರೆಯುತ್ತಾರೆ ಎಂದು ಮನೆಯವರು ಬೇಸರಿಸಬಾರದು.

ಟೇಸ್, ಟೇರ್ ಎರಡೂ ಸಾಮಾನ್ಯವಾಗಿ ರೋಗವನ್ನು ಹಿಡಿದಿಡುವುದಕ್ಕೆ, ಕೆಲವರಲ್ಲಿ ಯಕೃತ್ತಿನ ಕಸಿಯವರೆಗೆ ದಿನ ದೂಡುವುದಕ್ಕೆ. ಯಕೃತ್ತು ಆಗಲೇ ಸೋತು ಹೊಟ್ಟೆಯಲ್ಲಿ ನೀರು, ಕಣ್ಣಲ್ಲಿ ಹಳದಿ ಇದ್ದವರಿಗೆ ಇವು ಲಾಭಕ್ಕಿಂತ ಹಾನಿಯನ್ನೇ ಮಾಡಬಹುದು.

ಗರ್ಭಕೋಶದ ನಾರುಗಡ್ಡೆಗೆ ಗರ್ಭಕೋಶ ತೆಗೆಸದೆ ಚಿಕಿತ್ಸೆ ಇದೆಯೇ?

ಇದೆ, ಮತ್ತು ಇದರ ಬಗ್ಗೆ ಎಷ್ಟೋ ಮಹಿಳೆಯರಿಗೆ ಯಾರೂ ಹೇಳಿಯೇ ಇರುವುದಿಲ್ಲ. ಪ್ಯಾರಿಸಿನ ಸ್ತ್ರೀರೋಗತಜ್ಞ ಜಾಕ್ ರವೀನಾ ಮತ್ತು ಸಂಗಡಿಗರು 1995ರಲ್ಲಿ ಇದನ್ನು ಪ್ರಕಟಿಸಿದರು. ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಕಡಿಮೆ ಹೋಗಲಿ ಎಂದು ಮುಂಚಿತವಾಗಿ ಗರ್ಭಕೋಶದ ಅಪಧಮನಿಗಳನ್ನು ಮುಚ್ಚಿಸುತ್ತಿದ್ದರು. ಆಮೇಲೆ ನೋಡಿದರೆ ಕೆಲವರ ತೊಂದರೆಯೇ ಹೋಗಿ ಶಸ್ತ್ರಚಿಕಿತ್ಸೆಯ ಅಗತ್ಯ ಉಳಿದಿರಲಿಲ್ಲ.

ಈಗ ಎರಡೂ ಕಡೆಯ ಅಪಧಮನಿಗೆ ಸೂಕ್ಷ್ಮ ಗುಂಡುಗಳನ್ನು ಬಿಡುತ್ತಾರೆ. ಬೇರಿಗೆ ನೀರು ನಿಂತ ಗಿಡದಂತೆ ಗಡ್ಡೆ ಸೊರಗುತ್ತದೆ. ಕುಗ್ಗಲು ಮೂರರಿಂದ ಆರು ತಿಂಗಳು ಬೇಕು, ಪೂರ್ತಿ ಮಾಯವಾಗುವುದು ಅಪರೂಪ. ಆದರೆ ಅತಿಯಾದ ಮುಟ್ಟಿನ ಸ್ರಾವ ಬಹಳ ಮಂದಿಗೆ ಅದಕ್ಕಿಂತ ಮೊದಲೇ ಹತೋಟಿಗೆ ಬರುತ್ತದೆ. ಮೊದಲ ರಾತ್ರಿ ನೋವು ಜೋರಾಗಿಯೇ ಇರುತ್ತದೆ. ಇದನ್ನು ಮುಚ್ಚಿಟ್ಟು ಏನೂ ಆಗುವುದಿಲ್ಲ ಎಂದು ಹೇಳುವವರನ್ನು ನಂಬಬೇಡಿ, ನೋವಿಗೆ ಏನು ಏರ್ಪಾಡು ಮಾಡಿದ್ದೀರಿ ಎಂದು ಕೇಳಿ.

ಶಸ್ತ್ರಚಿಕಿತ್ಸೆಗೆ ಹೋಲಿಸಿದ ಅಧ್ಯಯನಗಳಲ್ಲಿ ಒಂದು ವರ್ಷದ ನಂತರ ಎರಡೂ ಗುಂಪಿನ ಮಹಿಳೆಯರ ಜೀವನದ ಗುಣಮಟ್ಟ ಸಮಸಮ. ಎಂಬೊಲೈಸೇಶನ್ ಮಾಡಿಸಿಕೊಂಡವರು ಬೇಗ ಕೆಲಸಕ್ಕೆ ಮರಳಿದರು, ಆದರೆ ಮುಂದಿನ ವರ್ಷಗಳಲ್ಲಿ ಅವರಲ್ಲೇ ಹೆಚ್ಚು ಮಂದಿಗೆ ಮತ್ತೊಂದು ಚಿಕಿತ್ಸೆ ಬೇಕಾಯಿತು. ಮುಂದೆ ಮಕ್ಕಳು ಬೇಕೆನ್ನುವವರು ಇನ್ನೂ ಎಚ್ಚರದಿಂದ ಯೋಚಿಸಬೇಕು. ಇದಾದ ಮೇಲೆ ಗರ್ಭ ನಿಂತ ಉದಾಹರಣೆಗಳು ಸಾಕಷ್ಟಿವೆ, ಆದರೂ ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆಯನ್ನೇ ಹೆಚ್ಚಿನ ವೈದ್ಯರು ಮೊದಲು ಸೂಚಿಸುತ್ತಾರೆ. 45 ದಾಟಿದವರಲ್ಲಿ ಕೆಲವರಿಗೆ ಮುಟ್ಟು ಬೇಗ ನಿಂತುಹೋಗಬಹುದು.

ಹಾಗಾದರೆ ಇದು ಶಸ್ತ್ರಚಿಕಿತ್ಸೆಗಿಂತ ಯಾವಾಗಲೂ ಮೇಲು ಎನ್ನಬಹುದೇ?

ಎನ್ನಬಾರದು. ಈ ಶಾಖೆಯ ಬಗ್ಗೆ ಅಭಿಮಾನ ಇಟ್ಟುಕೊಂಡೇ ಹೇಳುತ್ತೇನೆ, ಗಾಯ ಚಿಕ್ಕದು ಎಂಬುದು ಒಂದು ಚಿಕಿತ್ಸೆಯನ್ನು ಆರಿಸಿಕೊಳ್ಳಲು ಸಾಕಾಗುವ ಕಾರಣವಲ್ಲ.

ಹೊಟ್ಟೆಯ ಮಹಾಪಧಮನಿ ಬಲೂನಿನಂತೆ ಉಬ್ಬಿದಾಗ ಒಳಗಿನಿಂದ ಬಟ್ಟೆ ಹೊದಿಸಿದ ಸ್ಟೆಂಟ್ ಇಡುವ ವಿಧಾನವನ್ನು ತೆಗೆದುಕೊಳ್ಳಿ. ಮೊದಲ ತಿಂಗಳಲ್ಲಿ ಸಾವು ತೆರೆದ ಶಸ್ತ್ರಚಿಕಿತ್ಸೆಗಿಂತ ಸ್ಪಷ್ಟವಾಗಿ ಕಡಿಮೆ. ಆದರೆ ವರ್ಷಗಳು ಉರುಳಿದಂತೆ ಆ ಮುನ್ನಡೆ ಕರಗುತ್ತದೆ, ಸ್ಟೆಂಟಿನ ಸುತ್ತ ಸೋರಿಕೆ ನೋಡಲು ಜೀವನಪೂರ್ತಿ ಸ್ಕ್ಯಾನ್ ಬೇಕಾಗುತ್ತದೆ. 80ರ ದುರ್ಬಲ ರೋಗಿಗೂ 60ರ ಗಟ್ಟಿ ರೋಗಿಗೂ ಒಂದೇ ಸಲಹೆ ಕೊಡಲಾಗದು.

ಇನ್ನೊಂದು, ಕುಸಿದ ಬೆನ್ನುಮೂಳೆಗೆ ಸಿಮೆಂಟ್ ತುಂಬುವುದು. 1984ರಲ್ಲಿ ಫ್ರಾನ್ಸಿನಲ್ಲಿ ಶುರುವಾಗಿ ಜಗತ್ತೆಲ್ಲ ಹರಡಿತು. 2009ರಲ್ಲಿ ಎರಡು ಅಧ್ಯಯನಗಳು ನಿಜವಾದ ಚಿಕಿತ್ಸೆಯನ್ನು ಸಿಮೆಂಟ್ ತುಂಬದೆ ತುಂಬಿದಂತೆ ತೋರಿಸುವ ನಟನೆಯ ಚಿಕಿತ್ಸೆಯೊಂದಿಗೆ ಹೋಲಿಸಿದಾಗ ನೋವಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಯಾರಿಗೆ ಮಾಡಿದರೆ ಲಾಭ ಎಂಬ ವಾದ ಇನ್ನೂ ನಿಂತಿಲ್ಲ. ಮೂಳೆ ಮುರಿದ ಹೊಸತರಲ್ಲಿ, ಔಷಧಕ್ಕೂ ಬಗ್ಗದ ನೋವಿನಿಂದ ಹಾಸಿಗೆ ಹಿಡಿದವರಿಗೆ ಮಾಡುವುದು ಬೇರೆ, ವರ್ಷಗಳ ಹಳೆಯ ಬೆನ್ನುನೋವಿಗೆ ಮಾಡುವುದು ಬೇರೆ.

ಇದಕ್ಕೆ ಎದುರು ಉದಾಹರಣೆಯೂ ಇದೆ. ಮಿದುಳಿನ ಉಬ್ಬಿದ ನಾಳ ಒಡೆದಾಗ ತಲೆಬುರುಡೆ ತೆರೆದು ಕ್ಲಿಪ್ ಹಾಕುವುದನ್ನೂ ಒಳಗಿನಿಂದ ಸುರುಳಿ ತುಂಬುವುದನ್ನೂ ಹೋಲಿಸಿದ 2002ರ ದೊಡ್ಡ ಅಧ್ಯಯನದಲ್ಲಿ, ಎರಡೂ ಸಾಧ್ಯವಿದ್ದ ರೋಗಿಗಳ ಪೈಕಿ ಸುರುಳಿ ತುಂಬಿಸಿಕೊಂಡವರು ಒಂದು ವರ್ಷದ ನಂತರ ಉತ್ತಮ ಸ್ಥಿತಿಯಲ್ಲಿದ್ದರು. ಆದ್ದರಿಂದ ಪ್ರತಿ ಕಾಯಿಲೆಗೂ ಪ್ರತ್ಯೇಕ ಲೆಕ್ಕ.

ನೋವಾಗುತ್ತದೆಯೇ? ಪೂರ್ತಿ ಪ್ರಜ್ಞೆ ತಪ್ಪಿಸುತ್ತಾರೆಯೇ?

ಹೆಚ್ಚಿನವಕ್ಕೆ ಚುಚ್ಚುವ ಜಾಗ ಮರಗಟ್ಟಿಸಿ, ಮಂಪರು ಬರುವ ಮತ್ತು ನೋವು ತಗ್ಗಿಸುವ ಔಷಧ ಕೊಟ್ಟರೆ ಸಾಕು. ಮಾತಾಡಿಸಿದರೆ ಉತ್ತರಿಸುತ್ತೀರಿ, ಆಮೇಲೆ ಅದರ ನೆನಪು ಇರದಿರಬಹುದು. ಅಬ್ಲೇಶನ್, ಮಿದುಳಿನ ಚಿಕಿತ್ಸೆಗಳು, ಚಿಕ್ಕ ಮಕ್ಕಳ ಚಿಕಿತ್ಸೆಗೆ ಅನೇಕ ಸಲ ಪೂರ್ಣ ಅರಿವಳಿಕೆ ಬೇಕು. ಮರಗಟ್ಟಿಸುವ ಚುಚ್ಚುಮದ್ದು ಮಾತ್ರ ಕೆಲವು ಕ್ಷಣ ಉರಿಯುತ್ತದೆ. ನಡುವೆ ನೋವಾದರೆ ಸಹಿಸಿಕೊಂಡು ಸುಮ್ಮನಿರಬೇಡಿ, ಹೇಳಿ. ನೋವಿನಿಂದ ನೀವು ಮಿಸುಕಿದರೆ ಚಿತ್ರವೂ ಕದಲುತ್ತದೆ.

ಹೋಗುವ ಮುನ್ನ ಏನು ತಯಾರಿ?

ಸಾಮಾನ್ಯ ನಿಯಮವೆಂದರೆ ಆರು ಗಂಟೆ ಮೊದಲಿನಿಂದ ಊಟ ಬೇಡ, ತಿಳಿಯಾದ ನೀರನ್ನು ಎರಡು ಗಂಟೆ ಮೊದಲಿನವರೆಗೂ ಕುಡಿಯಬಹುದು. ನಿಮ್ಮ ಆಸ್ಪತ್ರೆ ಬೇರೆ ಹೇಳಿದ್ದರೆ ಅದನ್ನೇ ಪಾಲಿಸಿ. ರಕ್ತ ಹೆಪ್ಪುಗಟ್ಟುವ ಗುಣ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಇರುತ್ತದೆ.

ಎಡವಟ್ಟು ಹೆಚ್ಚಾಗಿ ಆಗುವುದು ಔಷಧಗಳ ವಿಷಯದಲ್ಲಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದೀರಿ ಎಂದು ಚಿಕಿತ್ಸೆಯ ದಿನಾಂಕ ಗೊತ್ತುಮಾಡುವಾಗಲೇ ತಿಳಿಸಿ, ಮಂಚದ ಮೇಲೆ ಮಲಗಿದ ಮೇಲಲ್ಲ. ವಾರ್ಫರಿನ್, ಕ್ಲೊಪಿಡೊಗ್ರೆಲ್ ಇತ್ಯಾದಿಗಳನ್ನು ಆಳದ ಅಂಗಕ್ಕೆ ಸೂಜಿ ಹಾಕುವ ಮುನ್ನ ಸಾಮಾನ್ಯವಾಗಿ ಸುಮಾರು ಐದು ದಿನ ನಿಲ್ಲಿಸಬೇಕಾಗುತ್ತದೆ, ಮೇಲುಮೇಲಿನ ಗಂಟಿಗೆ ನಿಲ್ಲಿಸದೆಯೂ ನಡೆಯುತ್ತದೆ. ನೀವಾಗಿಯೇ ಮಾತ್ರ ನಿಲ್ಲಿಸಬೇಡಿ. ಹೃದಯಕ್ಕೆ ಹೊಸದಾಗಿ ಸ್ಟೆಂಟ್ ಹಾಕಿಸಿಕೊಂಡವರು ಮಾತ್ರೆ ಬಿಟ್ಟರೆ ಅದು ಮುಚ್ಚಿಕೊಳ್ಳಬಹುದು. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವ ಮಧುಮೇಹಿಗಳ ಮೂತ್ರಪಿಂಡ ದುರ್ಬಲವಾಗಿದ್ದರೆ ಬಣ್ಣದ ಔಷಧದ ನಂತರ 48 ಗಂಟೆ ಅದನ್ನು ತಡೆಹಿಡಿಯುತ್ತಾರೆ. ಗರ್ಭಿಣಿಯಾಗಿರುವ ಸಂಶಯವಿದ್ದರೂ ಹೇಳಲೇಬೇಕು.

ನನಗೆ ಮೀನು, ಸಿಗಡಿ ಆಗುವುದಿಲ್ಲ. ಅಯೋಡಿನ್ ಇರುವ ಬಣ್ಣದ ಔಷಧ ಕೊಡಬಹುದೇ?

ಕೊಡಬಹುದು. ಸಿಗಡಿಯ ಅಲರ್ಜಿ ಬರುವುದು ಅದರಲ್ಲಿರುವ ಪ್ರೋಟೀನಿನಿಂದ, ಅಯೋಡಿನ್ನಿನಿಂದಲ್ಲ. ಈ ತಪ್ಪು ಕಲ್ಪನೆ ಆಸ್ಪತ್ರೆಗಳೊಳಗೂ ಹಟ ಹಿಡಿದು ಉಳಿದುಕೊಂಡಿದೆ. ಮುಖ್ಯವಾದ ಪ್ರಶ್ನೆ ಬೇರೆಯೇ, ಹಿಂದೆ ಸಿಟಿ ಅಥವಾ ಆಂಜಿಯೋಗ್ರಾಂ ಮಾಡಿಸಿದಾಗ ಇದೇ ಔಷಧದಿಂದ ಮೈತುಂಬ ದದ್ದು, ಉಸಿರು ಕಟ್ಟುವುದು ಆಗಿತ್ತೇ? ಆಗಿದ್ದರೆ ಬೇರೆ ಔಷಧ ಆರಿಸುತ್ತಾರೆ, ಮುಂಚಿತವಾಗಿ ಸ್ಟೀರಾಯ್ಡ್ ಕೊಡುತ್ತಾರೆ. ಹೊಟ್ಟೆ, ಕಾಲುಗಳ ನಾಳಗಳಿಗೆ ಇಂಗಾಲದ ಡೈಆಕ್ಸೈಡ್ ಅನಿಲವನ್ನೇ ಬಣ್ಣದ ಔಷಧದ ಬದಲಿಗೆ ಬಳಸುವುದೂ ಉಂಟು. ಅದು ರಕ್ತದಲ್ಲಿ ಕರಗಿ ಉಸಿರಿನಲ್ಲಿ ಹೊರಹೋಗುತ್ತದೆ, ಮೂತ್ರಪಿಂಡ ಸೋತವರಿಗೆ ವಿಶೇಷವಾಗಿ ಅನುಕೂಲ.

ವಿಕಿರಣದಿಂದ ಮುಂದೆ ಕ್ಯಾನ್ಸರ್ ಬರುತ್ತದೆಯೇ?

ಸಾಧ್ಯತೆ ಇದೆ, ಅದು ಚಿಕ್ಕದು. ಭೂಮಿಯ ಮೇಲೆ ಬದುಕಿರುವುದಕ್ಕೇ ನಮಗೆ ವರ್ಷಕ್ಕೆ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್ (ದೇಹಕ್ಕೆ ತಾಗುವ ವಿಕಿರಣದ ಅಳತೆ) ನೈಸರ್ಗಿಕ ವಿಕಿರಣ ತಾಗುತ್ತದೆ. ಫ್ಲೋರೋಸ್ಕೋಪಿಯ ಚಿಕಿತ್ಸೆಗಳಲ್ಲಿ ಪ್ರಮಾಣ ಕೆಲವು ಮಿಲಿಸೀವರ್ಟ್‌ನಿಂದ ಹತ್ತಾರು ಮಿಲಿಸೀವರ್ಟ್‌ವರೆಗೆ ಇರುತ್ತದೆ. ರಕ್ತ ಸುರಿಯುತ್ತಿರುವ ರೋಗಿಯ ಮಟ್ಟಿಗೆ ಈ ಲೆಕ್ಕವೇ ಅಪ್ರಸ್ತುತ. 25 ವರ್ಷದವರಿಗೆ ತುರ್ತಲ್ಲದ ಚಿಕಿತ್ಸೆ ಮಾಡುವಾಗ ಯೋಚಿಸಬೇಕು. ಗಂಟೆಗಟ್ಟಲೆ ನಡೆಯುವ ಚಿಕಿತ್ಸೆಯಲ್ಲಿ ಒಂದೇ ಜಾಗದ ಚರ್ಮ ಹೀರಿದ ವಿಕಿರಣ 2 ಗ್ರೇ (ಹೀರಿದ ವಿಕಿರಣದ ಅಳತೆ) ದಾಟಿದರೆ ಕೆಂಪಾಗಬಹುದು. ಅಂಥವರಿಗೆ ಬೆನ್ನಿನ ಚರ್ಮವನ್ನು ವಾರಗಳವರೆಗೆ ಗಮನಿಸಲು ಹೇಳಬೇಕು. ದಿನವೂ ಆ ಕೋಣೆಯಲ್ಲಿರುವ ಸಿಬ್ಬಂದಿ ಸೀಸದ ಮೇಲಂಗಿ ತೊಡುತ್ತಾರೆ. ನಿಮಗೆ ಅದು ಒಂದು ಸಲದ ಮಾತು.

ಏನೇನು ಅಪಾಯ?

ಚುಚ್ಚಿದಲ್ಲಿ ರಕ್ತ ಹೆಪ್ಪುಗಟ್ಟಿ ಕಪ್ಪಾಗುವುದು ಸಾಮಾನ್ಯ, ತಾನಾಗಿಯೇ ಕರಗುತ್ತದೆ. ನಾಳ ಸೀಳುವುದು, ಹೆಪ್ಪು ಬೇರೆಡೆಗೆ ಹಾರುವುದು, ಸೋಂಕು, ಮುಚ್ಚಬೇಕಾದ ನಾಳದ ಬದಲು ಪಕ್ಕದ್ದಕ್ಕೆ ವಸ್ತು ಹೋಗುವುದು ಅಪರೂಪವಾದರೂ ಗಂಭೀರ. ಶ್ವಾಸಕೋಶದ ಬಯಾಪ್ಸಿಯಲ್ಲಿ ಸರಿಸುಮಾರು ಐವರಲ್ಲಿ ಒಬ್ಬರಿಗೆ ಶ್ವಾಸಕೋಶದ ಸುತ್ತ ಗಾಳಿ ಸೇರುತ್ತದೆ. ಅವರಲ್ಲಿ ಕೆಲವರಿಗೆ ಮಾತ್ರ ಕೊಳವೆ ಹಾಕಬೇಕಾಗುತ್ತದೆ. ಗಡ್ಡೆಗೆ ರಕ್ತ ನಿಲ್ಲಿಸಿದ ಮೇಲೆ ಕೆಲವು ದಿನ ಜ್ವರ, ವಾಕರಿಕೆ, ಸುಸ್ತು, ನೋವು ಬರುವುದು ನಿರೀಕ್ಷಿತ. ಸತ್ತ ಜೀವಕೋಶಗಳಿಗೆ ದೇಹ ಸ್ಪಂದಿಸುವ ಬಗೆ ಅದು, ಸೋಂಕೇ ಆಗಬೇಕೆಂದಿಲ್ಲ.

ಎಷ್ಟು ದಿನ ಆಸ್ಪತ್ರೆಯಲ್ಲಿರಬೇಕು?

ಬಯಾಪ್ಸಿ, ಪೋರ್ಟ್, ಫಿಸ್ಟುಲಾ ಚಿಕಿತ್ಸೆಗೆ ಅದೇ ದಿನ ಮನೆಗೆ. ಎಂಬೊಲೈಸೇಶನ್, ಅಬ್ಲೇಶನ್‌ಗೆ ಒಂದೆರಡು ರಾತ್ರಿ. ತೊಡೆಯಲ್ಲಿ ಚುಚ್ಚಿದ್ದರೆ ಕೆಲವು ಗಂಟೆ ಕಾಲು ಮಡಚದೆ ಮಲಗಬೇಕು, ಮಣಿಕಟ್ಟಿನಿಂದಾದರೆ ಬೇಗ ಎದ್ದು ಕೂರಬಹುದು.

ಒಳಗಿಟ್ಟ ಸ್ಟೆಂಟ್, ಸುರುಳಿ ಹಾಗೆಯೇ ಇರುತ್ತವೆಯೇ? ಎಂಆರ್‌ಐ ಮಾಡಿಸಬಹುದೇ?

ಇರುತ್ತವೆ. ಇಂದಿನ ಹೆಚ್ಚಿನ ಸ್ಟೆಂಟ್, ಸುರುಳಿಗಳಿಗೆ ಎಂಆರ್‌ಐ ತೊಂದರೆಯಿಲ್ಲ. ಆದರೂ ಏನು ಇಟ್ಟಿದ್ದಾರೆ ಎಂಬ ಚೀಟಿಯನ್ನು ಜೋಪಾನ ಮಾಡಿ, ಸ್ಕ್ಯಾನಿನವರಿಗೆ ತೋರಿಸಿ.

ಒಂದು ವಸ್ತುವಿನ ಬಗ್ಗೆ ಮಾತ್ರ ಎಚ್ಚರ. ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೋಗದಂತೆ ಹೊಟ್ಟೆಯ ಮಹಾಭಿಧಮನಿಯಲ್ಲಿ ಇಡುವ ಫಿಲ್ಟರ್ ತಾತ್ಕಾಲಿಕವಾಗಿದ್ದರೆ ಅದನ್ನು ತೆಗೆಸಲೇಬೇಕು. ವರ್ಷಗಟ್ಟಲೆ ಬಿಟ್ಟರೆ ಅದರ ಕಾಲುಗಳು ನಾಳದ ಗೋಡೆ ಚುಚ್ಚಬಹುದು, ಮುರಿಯಬಹುದು. ಅಗತ್ಯ ಮುಗಿದೊಡನೆ ತೆಗೆಯಿರಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿ ಎಚ್ಚರಿಸಿತು. ಹಾಕಿದ ಆಸ್ಪತ್ರೆ ಮರೆತರೂ ನೀವು ಮರೆಯಬೇಡಿ. ಹಾಕಿದ ದಿನವೇ ತೆಗೆಯುವ ದಿನಾಂಕ ಬರೆಸಿಕೊಳ್ಳಿ.

ಕೊಳವೆ ಹಾಕಿ ಮನೆಗೆ ಕಳಿಸಿದ್ದಾರೆ. ಯಾವಾಗ ಗಾಬರಿಯಾಗಬೇಕು?

ಚೀಲಕ್ಕೆ ಬರುವುದು ಇದ್ದಕ್ಕಿದ್ದಂತೆ ನಿಂತರೆ, ಕೊಳವೆಯ ಸುತ್ತ ಸೋರತೊಡಗಿದರೆ, ಅದು ಹೊರಗೆ ಜಾರಿದಂತೆ ಕಂಡರೆ, ಕೆಂಪು ರಕ್ತ ಬಂದರೆ, ನಡುಕದೊಂದಿಗೆ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜಾರಿದ ಕೊಳವೆಯನ್ನು ನೀವೇ ಒಳಗೆ ತಳ್ಳಬೇಡಿ. ಪೂರ್ತಿ ಕಳಚಿಬಿದ್ದಿದ್ದರೆ ಬೇಗ ಹೋದಷ್ಟೂ ಒಳ್ಳೆಯದು, ಹಳೆಯ ದಾರಿ ಮುಚ್ಚುವ ಮುನ್ನ ಅದೇ ರಂಧ್ರದಿಂದ ಹೊಸದನ್ನು ಹಾಕಬಹುದು. ತಡವಾದರೆ ಮತ್ತೆ ಚುಚ್ಚಬೇಕಾಗುತ್ತದೆ.

ನಾಳದ ಚಿಕಿತ್ಸೆಯಾದವರಿಗೆ ಚುಚ್ಚಿದಲ್ಲಿ ಉಬ್ಬು ಬೆಳೆಯುತ್ತಿದ್ದರೆ ಬೆರಳುಗಳಿಂದ ಬಲವಾಗಿ ಒತ್ತಿ ಹಿಡಿದುಕೊಂಡೇ ಹೊರಡಿ. ಆ ಕಾಲು ಅಥವಾ ಕೈ ತಣ್ಣಗಾಗಿ ಬಿಳಿಚಿಕೊಂಡರೂ, ಜೋಮು ಹಿಡಿದರೂ ಬೆಳಗಾಗಲಿ ಎಂದು ಕಾಯಬಾರದು.